ಎರಡನೇ ಸಲದ ಹೌದು

ಚುನಾವಣೆಗೆ ಇನ್ನೂ ಮೂರು ವಾರ ಇರುವಾಗಲೇ ಲ್ಯಾಂಬ್ರೈಟರ ಮನೆಯ ಊಟದ ಮೇಜು ಎರಡು ಪಾಲಾಯಿತು. ಯಾರಿಗೆ ವೋಟು ಎಂಬ ಮಾತಿಗಲ್ಲ. ಅದನ್ನು ಆ ಮನೆಯಲ್ಲಿ ಗಂಡ ಹೆಂಡತಿಗೂ ಹೇಳುವ ರೂಢಿಯಿಲ್ಲ. ಜಗಳ ಎದ್ದಿದ್ದು ಅಪ್ಪ ಡೆಲ್ಬರ್ಟ್ ಕೋಟಿನ ಒಳಜೇಬಿನಿಂದ ತೆಗೆದು ಉಪ್ಪಿನ ಡಬ್ಬಿಯ ಪಕ್ಕಕ್ಕಿಟ್ಟ ಒಂದು ಕಾರ್ಡಿಗೆ. ಅದರ ಮೇಲೆ ಅವನದೇ ಮುಖ, ಗಡ್ಡದ ಸಮೇತ, ನೆಟ್ಟಗೆ ಸೂರು ನೋಡುತ್ತ ಮಲಗಿತ್ತು.

"ಅದನ್ನ ತೆಗಿ. ಊಟ ಮಾಡ್ಬೇಕು," ಅಂದರು ಓರಾ ತಾತ.

"ನನ್ನ ಮುಖ ಅಪ್ಪ ಅದು. ದಿನಾ ಇದೇ ಮೇಜಲ್ಲಿ ಕೂತಿರತ್ತೆ," ಅಂದ ಡೆಲ್ಬರ್ಟ್.

"ದಿನಾ ಒಂದಿರತ್ತೆ. ಇವತ್ತು ಎರಡಿದೆ."

ಸಲೋಮಾ ಅಜ್ಜಿ ಆಲೂಗಡ್ಡೆಯ ಪಾತ್ರೆ ದಾಟಿಸುತ್ತ, "ನಂಗೆ ಒಂದನ್ನ ಸಾಕಿದ್ದೇ ಸಾಕಾಗಿತ್ತು," ಅಂದಳು. ನಗು ತಡೆಯಲು ಡೆಲ್ಬರ್ಟನ ದೊಡ್ಡ ಮಗಳು ಲವರ್ಡಾ ತಟ್ಟೆಗೆ ತಲೆ ಬಗ್ಗಿಸಿದಳು.

"ಕಾರ್ಖಾನೇಲಿ ಕೇಳಿದ್ರು, ಮಾಡಿಸ್ದೆ," ಅಂದ ಅಪ್ಪ. "ಕೆಲಸಕ್ಕೆ ಅಂದ್ರೆ ನಮ್ಮ ಬಿಷಪ್ಪರೂ ಕಂಡೂ ಕಾಣದ ಹಾಗಿರ್ತಾರೆ. ಇದನ್ನ ತೋರಿಸಿದ್ರೆ ವೋಟು ಅಲ್ಲಿಂದಲ್ಲಿಗೆ ಮುಗೀತು. ನೀವೂ ಒಂದೊಂದು ಮಾಡಿಸ್ಕೊಳ್ಳಿ. ಶನಿವಾರ ಜೀನ್‌ಗೆ ಅವನ ಬಾಡಿಗೆ ವ್ಯಾನ್ ತರೋಕೆ ಹೇಳ್ತೀನಿ."

"ಬೈಬಲ್ಲಲ್ಲಿ ಯಾವ ರೂಪವನ್ನೂ ಮಾಡ್ಬೇಡ ಅಂತ ಬರೆದಿದೆ. ಕಾರ್ಖಾನೆಯವ್ರು ಕೇಳಿದ್ರೆ ಮಾಡು ಅಂತ ಅದರ ಕೆಳಗೆ ಬರೆದಿಲ್ಲ," ಅಂದರು ತಾತ.

ಅಪ್ಪ ಕಾರ್ಡನ್ನು ಜೇಬಿಗೆ ತುರುಕಿಕೊಂಡ.

ಅಮೆರಿಕದ ಇಂಡಿಯಾನಾದಲ್ಲಿ ಮತಗಟ್ಟೆಗೆ ಹೋದವರು ಮುಖವಿರುವ ಕಾರ್ಡು ತೋರಿಸಬೇಕು. ಕುದುರೆಗಾಡಿಯಲ್ಲೇ ಓಡಾಡುವ, ಮುಖದ ಚಿತ್ರ ತೆಗೆಸದ ಆಮಿಶ್ ಎಂಬ ಕ್ರೈಸ್ತ ಪಂಗಡದ ಜನಕ್ಕೆ ಕಾನೂನು ಸುತ್ತುದಾರಿಯೊಂದನ್ನು ಬಿಟ್ಟಿದೆ. ವೋಟು ಹಾಕಿ, ಲಕೋಟೆಯಲ್ಲಿ ಅಂಟಿಸಿ, ಬಿಟ್ಟು ಬರಬೇಕು. ಹತ್ತು ದಿನದೊಳಗೆ ಜಿಲ್ಲಾ ಕಚೇರಿಗೆ ಹೋಗಿ, ಚಿತ್ರ ತೆಗೆಸದೆ ಇರುವುದು ಧರ್ಮದ ಕಾರಣಕ್ಕೆ ಎಂದು ಹೇಳಿ ಸಹಿ ಹಾಕಬೇಕು. ಹಾಕದಿದ್ದರೆ ಲಕೋಟೆಯನ್ನು ತೆರೆಯುವುದೇ ಇಲ್ಲ. ಈ ಸುತ್ತುದಾರಿ ತುಳಿದವರು ಅಲ್ಲಿ ಬೆರಳೆಣಿಕೆ. ವೋಟಿನ ಗೊಡವೆಗೇ ಹೆಚ್ಚಿನವರು ಹೋಗುವುದಿಲ್ಲ.

ಈ ವರ್ಷ ಹಾಗಿರಲಿಲ್ಲ. ಮೇಜಿನ ಇನ್ನೊಂದು ತುದಿಯಲ್ಲಿ ಲವರ್ಡಾಳ ತಂಗಿ, ಎಂಟು ವರ್ಷದ ರೋಸಾನಾ ಸ್ಟೂಲಿನ ಮೇಲೆ ಕಾಲು ನೀಡಿಕೊಂಡು ಕೂತಿದ್ದಳು. ಸೆಪ್ಟೆಂಬರಿನಲ್ಲಿ ಶಾಲೆಗೆ ಹೋಗುವಾಗ ಜಲ್ಲಿ ತುಂಬಿದ ಲಾರಿಯೊಂದು ಅವಳ ಗಿಡ್ಡ ಕುದುರೆಯ ಗಾಡಿಯ ಹಿಂಚಕ್ರಕ್ಕೆ ಸವರಿಕೊಂಡು ಹೋಗಿತ್ತು. ಕುದುರೆ ಸತ್ತಿತು, ಅವಳ ಕಾಲು ಮುರಿಯಿತು. ಆ ಶಾಲೆಗೆ ಲವರ್ಡಾಳೇ ಟೀಚರು. ಹತ್ತೊಂಬತ್ತು ಮಕ್ಕಳನ್ನು ದಿನಕ್ಕೆರಡು ಸಲ ಆ ರಸ್ತೆ ದಾಟಿಸುವವಳು. ಗಾಡಿ ಉರುಳಿದ್ದನ್ನು ಶಾಲೆಯ ಮೆಟ್ಟಿಲ ಮೇಲಿಂದ ಕಣ್ಣಾರೆ ಕಂಡವಳು.

ಜಿಲ್ಲೆಯ ರಸ್ತೆಗಳು ಯಾರ ಕೈಗೆ ಎಂಬುದು ಈ ಚುನಾವಣೆಯಲ್ಲಿ ತೀರ್ಮಾನವಾಗಬೇಕಿತ್ತು. ಡೆನೀಸ್ ಪ್ರೂಯಿಟ್ ಎಂಬ ಹೆಂಗಸು, ಗೆದ್ದರೆ ಮೊದಲ ವರ್ಷವೇ ಆ ರಸ್ತೆಯ ಎರಡೂ ಬದಿಗೆ ಕುದುರೆಗಾಡಿಯ ದಾರಿ ಹಾಕಿಸುತ್ತೇನೆ ಎಂದು ಮನೆಮನೆಗೆ ಬಂದು ಹೇಳಿ ಹೋಗಿದ್ದಳು. ವೆಂಡೆಲ್ ಕ್ರೇನ್ ಎಂಬುವನು, ಜಿಲ್ಲೆಯ ಹತ್ತಿರ ದುಡ್ಡಿಲ್ಲ, ರಸ್ತೆ ಇರುವ ಹಾಗೇ ಇರಲಿ ಅನ್ನುವವನು. ಲವರ್ಡಾಳ ಪಾಲಿಗೆ ಇದರಲ್ಲಿ ಯೋಚಿಸುವುದೇನೂ ಇರಲಿಲ್ಲ.

ಪಾತ್ರೆ ತೊಳೆಯುವಾಗ ಅಮ್ಮ ವಿಲ್ಮಾ ಮೆಲ್ಲಗೆ ಕೇಳಿದಳು. "ನೀನೇನ್ಮಾಡ್ತೀಯ? ನೀನಿನ್ನೂ ದೀಕ್ಷಾಸ್ನಾನ ತಗೊಂಡು ಸಭೆಗೆ ಸೇರಿಲ್ಲ. ಚಿತ್ರ ತೆಗೆಸಿದ್ರೆ ಸಭೆಯವ್ರು ಏನೂ ಅನ್ನಲ್ಲ. ಅಪ್ಪನ ಜೊತೆ ಹೋಗಿ ಬಂದ್ಬಿಡು."

"ನಂಗೆ ಬೇಡ."

"ಭಯಾನ?"

"ಭಯ ಅಲ್ಲ. ಬೇಡ ಅಷ್ಟೆ. ತಾತ ಹಾಕೋ ಥರಾನೇ ಹಾಕ್ತೀನಿ."

"ನಿಮ್ಮ ತಾತ ಹಾಕ್ತಾರೆ ಅಂತ ಯಾರು ಹೇಳಿದ್ರು?"

ಅದು ಸರಿಯಾದ ಪ್ರಶ್ನೆಯೇ. ತಾತನನ್ನು ಒಪ್ಪಿಸುವ ಕೆಲಸಕ್ಕೆ ಅವಳು ಮಾರನೆಯ ದಿನವೇ ಕೈ ಹಾಕಿದಳು. ಲವರ್ಡಾ ಮಾತಿನವಳಲ್ಲ, ನೆಂಟರು ಬಂದರೆ ಹಿಟ್ಟಿನ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುವವಳು. ಅಂಥವಳು ದಿನಾ ಶಾಲೆ ಮುಗಿಸಿ ತಾತನ ಕೊಟ್ಟಿಗೆಗೆ ಬಂದು, ಅವರು ಗಾಡಿಯ ಚಕ್ರಕ್ಕೆ ಅರ ಕೂರಿಸುವುದನ್ನು ನೋಡುತ್ತ, ಕೊನೆಯಲ್ಲಿ ಒಂದೇ ಒಂದು ವಾಕ್ಯ ಹೇಳಿ ಎದ್ದು ಹೋಗುತ್ತಿದ್ದಳು: "ಇವತ್ತೂ ಲಾರಿಯವ್ರು ನಿಲ್ಲಿಸ್ಲಿಲ್ಲ ತಾತ."

ಒಂದು ವಾರ ಕೇಳಿಸಿಕೊಂಡು ತಾತ ಸುತ್ತಿಗೆ ಕೆಳಗಿಟ್ಟರು. "ಆಯ್ತು. ಬರ್ತೀನಿ. ದಿನಾ ಒಂದೇ ಹಾಡು ಕೇಳಿ ಕಿವಿ ತೂತಾಯ್ತು."

ಓರಾ ಬರುತ್ತಾರಂತೆ ಎಂಬ ಸುದ್ದಿ ಹೊಲದಿಂದ ಹೊಲಕ್ಕೆ ಹೋಯಿತು. ಪಕ್ಕದ ಫ್ರೀಮನ್ ಬೊಂಟ್ರೇಗರ್, ಅವನ ಹೆಂಡತಿ, ಇನ್ನೂ ಮೂವರು, ಎಲ್ಲರದೂ ಒಂದೇ ಮಾತು: ಓರಾ ಹೋದರೆ ನಾವೂ.

ಚುನಾವಣೆಯ ಮಂಗಳವಾರ ಮತಗಟ್ಟೆಯಿದ್ದದ್ದು ಅಗ್ನಿಶಾಮಕ ಠಾಣೆಯಲ್ಲಿ. ಕೆಂಪು ಲಾರಿಗಳನ್ನು ಹೊರಗೆ ನಿಲ್ಲಿಸಿ ಒಳಗೆ ಮೇಜು ಹಾಕಿದ್ದರು. ಅಪ್ಪ ಕಾರ್ಡು ತೋರಿಸಿ, ವೋಟು ಹಾಕಿ, ಯಾರ ಮುಖವನ್ನೂ ನೋಡದೆ ಕಾರ್ಖಾನೆಗೆ ಹೋದ. ಮೇಜಿನ ಹಿಂದೆ ಕೂತಿದ್ದವಳು ಕಾನಿ, ಇವರ ಮನೆಯಿಂದಲೇ ಮೊಟ್ಟೆ ಒಯ್ಯುವ ಇಂಗ್ಲಿಷ್ ಹೆಂಗಸು. ಹೊರಗಿನವರೆಲ್ಲ ಆಮಿಶರ ಬಾಯಲ್ಲಿ ಇಂಗ್ಲಿಷರೇ.

"ನಿಮ್ಮ ಗುರುತಿನ ಕಾರ್ಡು, ಓರಾ?"

"ನಿಂಗೆ ನನ್ನ ಗುರುತಿಲ್ವಾ ಕಾನಿ?"

"ಇಪ್ಪತ್ತು ವರ್ಷದಿಂದ ಇದೆ. ನಾನು ಕೇಳ್ತಿಲ್ಲ, ಕಾನೂನು ಕೇಳ್ತಿದೆ."

"ನಮ್ಮ ಧರ್ಮದಲ್ಲಿ ಮುಖದ ಚಿತ್ರ ತೆಗೆಸೋದಿಲ್ಲ."

ಅಷ್ಟು ಹೇಳಿ ತಾತ ಟೋಪಿಯನ್ನು ಎದೆಗೆ ಹಿಡಿದು ನಿಂತರು. ಕಾನಿ ಲಕೋಟೆ ಕೊಟ್ಟಳು. ಹಿಂದೆ ಅಜ್ಜಿ, ಅಮ್ಮ, ಅವರ ಹಿಂದೆ ಲವರ್ಡಾ. "ನಂದೂ ಅದೇ," ಎಂದು ಅವಳು ಹೇಳಿದ್ದು ಕಾನಿಗೆ ಕೇಳಿಸದೆ, ಕಿವಿಯ ಹಿಂದೆ ಕೈಯಿಟ್ಟು ಮತ್ತೆ ಕೇಳಬೇಕಾಯಿತು. ವೋಟಿನ ಕಾಗದದ ಮೇಲೆ ಗುರುತು ಹಾಕುವಾಗ ಲವರ್ಡಾಳ ಕೈ ಬೆಚ್ಚಗಾಗಿತ್ತು. ಹೊರಗೆ ಬಂದಾಗ ಗಾಳಿ ಮುಖಕ್ಕೆ ಹೊಡೆದರೂ ಚಳಿ ಅನ್ನಿಸಲಿಲ್ಲ.

"ಮರೀಬೇಡಿ," ಎಂದು ಕಾನಿ ಬಾಗಿಲವರೆಗೂ ಬಂದು ಹೇಳಿದಳು. "ಮುಂದಿನ ವಾರದ ಶುಕ್ರವಾರ, ಮಧ್ಯಾಹ್ನ ಹನ್ನೆರಡರೊಳಗೆ. ಕಚೇರಿಗೆ ಹೋಗಿ ಈಗ ಹೇಳಿದ್ದನ್ನೇ ಹೇಳ್ಬೇಕು."

ತಾತ ಟೋಪಿ ಹಾಕಿಕೊಂಡರು.

ಬುಧವಾರ ಸಂಜೆ ಅಪ್ಪ ಕಾರ್ಖಾನೆಯಿಂದ ಸೈಕಲ್ಲು ತುಳಿದುಕೊಂಡು ಬಂದವನು ಸ್ಟ್ಯಾಂಡು ಹಾಕದೆ ಅದನ್ನು ಬೇಲಿಗೇ ಒರಗಿಸಿ ಒಳಗೆ ಬಂದ. ಗಡ್ಡದ ತುಂಬ ಬೆವರು.

"ಕ್ರೇನ್ ಮುಂದಿದಾನೆ. ಎಷ್ಟರಲ್ಲಿ ಗೊತ್ತಾ? ಆರು. ಆರೇ ಆರು ವೋಟು."

ಅಮ್ಮನ ಕೈಯಲ್ಲಿದ್ದ ರೊಟ್ಟಿಯ ಚಾಕು ಹಾಗೇ ನಿಂತಿತು. "ಸೋತ್ಳಾ ಹಾಗಾದ್ರೆ?"

"ಕೇಳು ಇಲ್ಲಿ. ಇಡೀ ಜಿಲ್ಲೇಲಿ ಎಣಿಸದೆ ಉಳಿದಿರೋದು ಒಂಬತ್ತೇ ಲಕೋಟೆ. ನಿಮ್ಮದೇ. ನೀವು ನಾಕು ಜನ, ಫ್ರೀಮನ್ ಕಡೆಯವ್ರು ಐದು ಜನ."

ಲವರ್ಡಾ ಕೂತಲ್ಲಿಂದ ಎದ್ದು ನಿಂತಳು. ಒಂಬತ್ತು. ಆರಕ್ಕಿಂತ ಒಂಬತ್ತು ಎಷ್ಟು ಹೆಚ್ಚು ಎಂಬುದನ್ನು ಎರಡನೇ ತರಗತಿಯ ಮಕ್ಕಳಿಗೆ ದಿನಾ ಕಲಿಸುವವಳಿಗೆ ಆ ಹೊತ್ತಿನಲ್ಲಿ ಆ ಲೆಕ್ಕ ತಲೆಯೊಳಗೆ ಗಿರಗಿರ ತಿರುಗಿತು. ರೋಸಾನಾ ಊರುಗೋಲಿನಿಂದ ನೆಲ ಕುಟ್ಟಿದಳು. "ಲಕೋಟೆ ತೆಗೀಲಿ. ತೆಗೀಲಿ."

"ತೆಗೀತಾರೆ," ಅಂದ ಅಪ್ಪ. "ಎಲ್ಲರೂ ಹೋಗಿ ಸಹಿ ಹಾಕಿದ್ರೆ. ನಾಳೇನೇ ಜೀನ್‌ಗೆ ಹೇಳ್ತೀನಿ. ಎಲ್ಲ ಸೇರಿ ಹೋದ್ರೆ ಬಾಡಿಗೇನೂ ಹಂಚಿಹೋಗತ್ತೆ."

ತಾತ ಬಿಸಿ ಕಾಫಿಗೆ ರೊಟ್ಟಿ ಅದ್ದಿದರು. "ನಾನು ಬರಲ್ಲ."

"ಯಾಕೆ?" ಅಂದ ಅಪ್ಪ.

"ಕಾನಿ ಮುಂದೆ ಹೇಳಿದೀನಿ. ಒಂದ್ಸಲ ಹೇಳಿದ್ದು ಹೇಳಿದ ಹಾಗೇ. ಅದನ್ನೇ ಮತ್ತೆ ಹೋಗಿ ಹೇಳು ಅಂದ್ರೆ, ಮೊದಲು ಹೇಳಿದ್ದನ್ನ ನಂಬ್ಲಿಲ್ಲ ಅಂತ. ಹೌದು ಅಂದ್ರೆ ಹೌದಾಗಿರ್ಬೇಕು, ಇಲ್ಲ ಅಂದ್ರೆ ಇಲ್ಲ. ಮಾತಿನ ಮೇಲೆ ಮಾತು ಹೇರೋನು ಸುಳ್ಳು ಹೇಳೋನು."

"ಅಪ್ಪ, ಅದು ಕಾನೂನು."

"ಇದು ನನ್ನ ಬಾಯಿ."

ಮುಂದಿನ ದಿನಗಳು ಆ ಮನೆಯಲ್ಲಿ ಹಿಂದೆಂದೂ ಕಾಣದ ದಿನಗಳು. ಓರಾ ಬರುವುದಿಲ್ಲವಂತೆ ಎಂಬ ಸುದ್ದಿಯೂ ಹೊಲದಿಂದ ಹೊಲಕ್ಕೆ ಹೋಯಿತು, ಮೊದಲಿನದಕ್ಕಿಂತ ಬೇಗ. ಫ್ರೀಮನ್ ಗಾಡಿ ಕಟ್ಟಿಕೊಂಡು ಬಂದು ಜಗಲಿಯಲ್ಲಿ ಕೂತ. ಹವಾ, ಜೋಳದ ಕಟಾವು, ಹೆಣ್ಣುಕುದುರೆಯ ಕಾಲುನೋವು ಎಲ್ಲ ಮುಗಿದ ಮೇಲೆ ಕೆಮ್ಮಿದ.

"ನೀವು ಹೋಗಲ್ಲ ಅಂತ ಕೇಳ್ದೆ."

"ಸರಿಯಾಗೇ ಕೇಳಿದೀಯ."

"ಹಿರಿಯರು ನೀವೇ ಹೋಗ್ಲಿಲ್ಲ ಅಂದ್ಮೇಲೆ ನಾವು ಹೋದ್ರೆ ನಿಮ್ಮನ್ನ ಮೀರಿದ ಹಾಗಾಗತ್ತೆ."

"ನಾನು ಯಾರನ್ನೂ ತಡೆದಿಲ್ಲ."

"ಕಳಿಸೂ ಇಲ್ಲ," ಅಂದ ಫ್ರೀಮನ್. ಸೇಬಿನ ಕಡುಬು ತಿಂದು, ಟೋಪಿ ಹಾಕಿಕೊಂಡು ಹೊರಟುಹೋದ.

ಅಪ್ಪನಿಗೆ ರೇಗಿತು. "ನಂಗೊಂದು ಮುಖ ಹೆಚ್ಚಾಯ್ತು ಅಂತ ಬೈದ್ರಿ. ನಿಮಗೊಂದು ಮಾತು ಹೆಚ್ಚಾಗತ್ತೆ ಅಂತ ಮೊಮ್ಮಗಳ ಕಾಲು ಮರ್ತ್ರಿ," ಎಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಅಂದ. ತಾತ ಉಳಿ ಮಸೆದರು. ಅಮ್ಮನ ಕೋಪ ಅಡುಗೆಮನೆಯದು. ತಾತನಿಗೆ ಇಷ್ಟವಾದ, ಮೆಕ್ಕೆಜೋಳದ ಗಟ್ಟಿ ಗಂಜಿಯನ್ನು ಕೊಯ್ದು ಹುರಿದ ಹೋಳುಗಳನ್ನು ಆ ವಾರ ಅವಳು ಮಾಡಲೇ ಇಲ್ಲ. ಮೂರನೇ ದಿನ ತಾತ, "ಹಿಟ್ಟು ಖಾಲಿಯಾಯ್ತಾ?" ಅಂದರು. "ಹಿಟ್ಟಿದೆ," ಅಂದಳು ಅಮ್ಮ. "ಒಂದ್ಸಲ ಮಾಡಿದ್ದನ್ನ ಮತ್ತೆ ಯಾಕೆ ಮಾಡ್ಬೇಕು ಅಂತ ಬಿಟ್ಟೆ."

ಅಜ್ಜಿ ಮುಸಿಮುಸಿ ನಕ್ಕಳು. ತಾತ ನಗಲಿಲ್ಲ.

ಲವರ್ಡಾ ತನ್ನ ಪಾಲಿನ ಪ್ರಯತ್ನ ಮಾಡಿದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ತಾತ ಹೊಸ ಚಕ್ರದ ಸುತ್ತಳತೆ ತೆಗೆಯುತ್ತಿದ್ದರು. ತೆಗೆದು, ಪಟ್ಟಿ ತಿರುಗಿಸಿ, ಮತ್ತೆ ತೆಗೆದರು.

"ನೋಡಿ ತಾತ, ನೀವೇ ಎರಡು ಸಲ ಅಳೀತೀರಿ."

"ಅಳೆಯೋದು ಮರಾನ. ಮರ ಸುಳ್ಳು ಹೇಳತ್ತೆ. ಒದ್ದೆ ದಿನ ಒಂದು, ಒಣ ದಿನ ಒಂದು."

ಜೋಡಿಸಿದ್ದೆಲ್ಲ ಅಲ್ಲಿಗೇ ಮುಗಿದುಹೋಯಿತು. ಮೂಗಿನ ತುದಿ ಕೆಂಪಾಗಿ ಅವಳು ವಾಪಸು ಬಂದಳು. ಬೆಳಿಗ್ಗೆ ಎದ್ದರೆ ರಸ್ತೆ, ಸಂಜೆ ಮರಳಿದರೆ ಲಕೋಟೆ. ಮಕ್ಕಳನ್ನು ಸಾಲು ನಿಲ್ಲಿಸಿ ರಸ್ತೆ ದಾಟಿಸುವಾಗ, ದೂರದಲ್ಲಿ ಲಾರಿ ಕಂಡರೆ ಒಂಬತ್ತು ಎಂದು ಬಾಯೊಳಗೇ ಅಂದುಕೊಳ್ಳುವ ಚಟ ಹತ್ತಿತು.

ಎರಡನೇ ವಾರದ ಬುಧವಾರ ಅಜ್ಜಿ ಶಾವಿಗೆಗೆ ಹಿಟ್ಟು ಲಟ್ಟಿಸುತ್ತಿದ್ದಳು. ಊಟದ ಹೊತ್ತಿಗೆ ಮುಂಚೆಯೇ ಬಂದ ತಾತ ಒಲೆಯ ಪಕ್ಕ ಕೂತು ಬೂಟು ಬಿಚ್ಚುತ್ತಿದ್ದರು. ಅಷ್ಟು ದಿನ ಈ ವಿಷಯದಲ್ಲಿ ಒಂದು ಮಾತೂ ಆಡದಿದ್ದ ಅಜ್ಜಿ, ಲಟ್ಟಣಿಗೆ ನಿಲ್ಲಿಸದೆ ಶುರು ಮಾಡಿದಳು.

"ಇವ್ರೇ, ನನ್ನ ಮದ್ವೆಗೆ ಕೇಳೋಕೆ ನೀವು ಬಂದ್ರಾ?"

"ಈಗ್ಯಾಕೆ ಅದು?"

"ಬಂದ್ರಾ ಅಂತ ಕೇಳ್ದೆ."

"ಇಲ್ಲ. ಸಭೆಯ ಡೀಕನ್‌ನ ಕಳಿಸ್ದೆ. ಆಗೆಲ್ಲ ಹಾಗೇ ಇತ್ತು."

"ಹೂಂ. ಡೀಕನ್ ಲೀವೈ ಬಂದ, ಸೌದೆ ಮನೆ ಹಿಂದೆ ನಿಲ್ಲಿಸಿ ಕೇಳ್ದ, ಹೌದು ಅಂದೆ. ಅವನು ಬಂದು ನಿಮಗೆ ಹೇಳ್ದ. ಅಷ್ಟಕ್ಕೆ ಬಿಟ್ರಾ? ಭಾನುವಾರ ನೀವೇ ಬಂದ್ರಿ. 'ಲೀವೈ ಹೇಳಿದ್ದು ನಿಜಾನಾ ಸಲೋಮಾ' ಅಂದ್ರಿ. ಹೌದು ಅಂದೆ. ಮದ್ವೆ ದಿನ ಇಡೀ ಸಭೆ ಮುಂದೆ ಬಿಷಪ್ಪರು ಕೇಳಿದ್ರು. ಹೌದು ಅಂದೆ. ಮೂರು ಸಲ ಆಯ್ತು. ಮೊದಲ್ನೇದು ಸುಳ್ಳಾಗಿತ್ತಾ?"

ತಾತನ ಒಂದು ಬೂಟು ಕೈಯಲ್ಲೇ ಉಳಿಯಿತು. "ಅದು ಬೇರೆ."

"ಏನು ಬೇರೆ? ಲೀವೈಗೆ ಹೇಳಿದ್ದು ಲೀವೈಗೆ, ನಿಮಗೆ ಹೇಳಿದ್ದು ನಿಮಗೆ. ಕೇಳೋರು ಬೇರೆ ಇದ್ರು, ಹೇಳ್ದೆ. ನನ್ನ ಹೌದು ಸವೆದು ಹೋಗ್ಲಿಲ್ಲ. ಐವತ್ತೆರಡು ವರ್ಷ ಆಯ್ತು, ಇನ್ನೂ ನಿಮ್ಮ ಬೂಟಿನ ಮಣ್ಣು ಗುಡಿಸ್ತಿದೀನಿ."

ಅಮ್ಮ ಸೆರಗಿನಂತೆ ಏಪ್ರನ್ ಎತ್ತಿ ಬಾಯಿಗೆ ಒತ್ತಿಕೊಂಡಳು. ಹಿಟ್ಟಿನ ಕೋಣೆಯ ಬಾಗಿಲಲ್ಲಿ ನಿಂತಿದ್ದ ಲವರ್ಡಾ ತಾತನನ್ನೇ ನೋಡಿದಳು. ತಾತ ಬಿಚ್ಚಿದ ಬೂಟನ್ನು ಮತ್ತೆ ಹಾಕಿಕೊಂಡು, ಊಟ ಮಾಡದೆ ಕೊಟ್ಟಿಗೆಗೆ ಹೋದರು.

ಗುರುವಾರ ಅವರು ಕೊಟ್ಟಿಗೆಯಿಂದ ಊಟಕ್ಕಷ್ಟೇ ಬಂದರು. ಪ್ರಾರ್ಥನೆ ಎಂದಿಗಿಂತ ಉದ್ದವಾಯಿತು, ಶಾವಿಗೆ ಆರಿತು.

ಶುಕ್ರವಾರ ಬೆಳಿಗ್ಗೆ ಲವರ್ಡಾ ಶಾಲೆಗೆ ಹೊರಡಲು ಟೋಪಿಯ ದಾರ ಕಟ್ಟಿಕೊಳ್ಳುತ್ತಿದ್ದಳು. ತಾತ ಭಾನುವಾರದ ಕೋಟು ಹಾಕಿಕೊಂಡು ಒಳಗೆ ಬಂದರು.

"ಜೀನ್‌ಗೆ ಫೋನ್ ಮಾಡು, ಕೂಸೇ. ವ್ಯಾನ್ ದೊಡ್ಡದೇ ಬೇಕು ಅನ್ನು."

ಅವಳು ಓಡಿದ್ದನ್ನು ಆ ಓಣಿಯ ಜನ ಅದಕ್ಕೆ ಮೊದಲು ಕಂಡಿರಲಿಲ್ಲ. ಫೋನಿದ್ದದ್ದು ಓಣಿಯ ತುದಿಯ ಮರದ ಗೂಡಿನಲ್ಲಿ, ಮೂರು ಮನೆಗೆ ಒಂದು. ಜೀನ್, ಲಾರಿ ಓಡಿಸಿ ನಿವೃತ್ತನಾದ ಇಂಗ್ಲಿಷಿನವನು, ನಿದ್ದೆಯ ದನಿಯಲ್ಲೇ "ಬಂದೆ" ಅಂದ. ಅಲ್ಲಿಂದ ಶಾಲೆಗೆ ಓಡಿ, ಸಹಾಯಕ ಟೀಚರಿಗೆ ಮಕ್ಕಳನ್ನು ಒಪ್ಪಿಸಿ, ಯಾರನ್ನೂ ರಸ್ತೆ ದಾಟಲು ಬಿಡಬೇಡ ಎಂದು ಹೇಳಿ, ಫ್ರೀಮನ್‌ನ ಅಂಗಳಕ್ಕೆ ಓಡಿದಳು. ಮಾತು ಹೊರಡಲಿಲ್ಲ. ಫ್ರೀಮನ್ ಅವಳ ಮುಖ ನೋಡಿ ಹಾಲಿನ ಕ್ಯಾನು ಕೆಳಗಿಟ್ಟ. "ಓರಾ ಹೊರಟ್ರಾ?" ತಲೆಯಾಡಿಸಿದಳು. "ಏ, ತಲೆಗೆ ಬೋನೆಟ್ ಹಾಕ್ಕೋ," ಎಂದು ಹೆಂಡತಿಯನ್ನು ಕೂಗಿದ.

ಉಳಿದ ಮೂವರನ್ನೂ ಹೊಲಗಳಿಂದ ಕರೆಸಿ, ವ್ಯಾನಿನಲ್ಲಿ ಒಂಬತ್ತು ಜನ ತುಂಬಿಕೊಂಡು ಹೊರಟಾಗ ಹತ್ತೂವರೆ ದಾಟಿತ್ತು. ಜಿಲ್ಲಾಕೇಂದ್ರ ಮುಕ್ಕಾಲು ಗಂಟೆಯ ದಾರಿ. ಧಾರಾಳ ಸಮಯವಿದೆ ಎಂದು ಜೀನ್ ಶಿಳ್ಳೆ ಹಾಕಿಕೊಂಡು ಓಡಿಸಿದ. ಊರ ಹೊರಗಿನ ರೈಲುಗೇಟಿನ ಹತ್ತಿರ ಶಿಳ್ಳೆ ನಿಂತಿತು. ಗೂಡ್ಸು ರೈಲೊಂದು ದಾರಿಗಡ್ಡ ನಿಂತಿತ್ತು. ಹೋಗುತ್ತಿರಲಿಲ್ಲ, ನಿಂತಿತ್ತು. ಎಡಕ್ಕೂ ಬಲಕ್ಕೂ ಕಣ್ಣು ಹಾಯುವಷ್ಟು ಡಬ್ಬಿಗಳು.

"ಈ ಶನಿ ಇಲ್ಲಿ ನಿಂತ್ರೆ ಒಂದೊಂದ್ಸಲ ಗಂಟೆಗಟ್ಲೆ," ಅಂದ ಜೀನ್.

"ಸುತ್ತಿ ಹೋಗೋಕೆ ದಾರಿ ಇಲ್ವಾ?" ಲವರ್ಡಾ ಕೇಳಿದಳು. ವ್ಯಾನಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿತ್ತು ದನಿ.

"ಇದೆ. ಹೊಳೆ ಸೇತುವೆ ಕಡೆಯಿಂದ. ಹೆಚ್ಚುಕಡಿಮೆ ಆದ್ರೆ ತಲುಪಲ್ಲ. ಇಲ್ಲಿ ಕಾದ್ರೆ ಇದು ಈಗ್ಲೇ ಹೊರಟ್ರೂ ಹೊರಟೀತು."

ಎಲ್ಲರೂ ತಾತನ ಕಡೆ ನೋಡಿದರು. ತಾತ ಲವರ್ಡಾಳ ಕಡೆ ನೋಡಿದರು.

"ತಿರುಗಿಸಿ," ಅಂದಳು ಅವಳು.

ಜೀನ್ ವ್ಯಾನನ್ನು ಜೋಳದ ಕೂಳೆಯ ಅಂಚಿಗೆ ಇಳಿಸಿ ತಿರುಗಿಸಿದ. ಜಲ್ಲಿ ದಾರಿಯಲ್ಲಿ ಒಂಬತ್ತು ಟೋಪಿಗಳೂ ಒಟ್ಟಿಗೆ ಮೇಲೆದ್ದು ಒಟ್ಟಿಗೆ ಕೂತವು. ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು; ಅಜ್ಜಿ ಮುಂದಿನ ಸೀಟಿನಲ್ಲಿ ಕೂತು, "ಇನ್ನೂ ಸ್ವಲ್ಪ ಜೋರು ಹೋಗತ್ತಾ ಇದು?" ಎಂದು ವಿಚಾರಿಸಿದಳು. ಕಚೇರಿಯ ಮೆಟ್ಟಿಲು ಹತ್ತುವಾಗ ಎದುರಿನ ಗಡಿಯಾರದ ಎರಡು ಮುಳ್ಳುಗಳೂ ಒಂದನ್ನೊಂದು ಮುಟ್ಟುವುದರಲ್ಲಿದ್ದವು.

ಗುಮಾಸ್ತೆ ಬಾಗಿಲಿಗೆ ಕೀಲಿ ಹಾಕಲು ಎದ್ದಿದ್ದಳು. ಕರಿ ಕೋಟು, ಕರಿ ಬೋನೆಟ್ಟುಗಳ ಸಾಲು ಕಂಡು ಮತ್ತೆ ಕೂತಳು. "ಬಲಗೈ ಎತ್ತಿ ಪ್ರಮಾಣ ಮಾಡಿ."

"ನಾವು ಪ್ರಮಾಣ ಮಾಡೋದಿಲ್ಲಮ್ಮ. ಹೇಳ್ತೀವಿ," ಅಂದರು ತಾತ.

"ಹೇಳಿದ್ರೂ ನಡೆಯತ್ತೆ. ನಿಮ್ಮ ಚಿತ್ರ ತೆಗೆಸೋಕೆ ಧರ್ಮದ ಅಡ್ಡಿ ಇದೆಯಾ?"

ತಾತ ಟೋಪಿ ತೆಗೆದು ಎದೆಗೆ ಹಿಡಿದರು.

"ಹೌದು," ಅಂದರು.

ಆಮೇಲೆ ಅಜ್ಜಿ, ಅಮ್ಮ, ಫ್ರೀಮನ್, ಅವನ ಹೆಂಡತಿ, ಉಳಿದ ಮೂವರು. ಕೊನೆಗೆ ಲವರ್ಡಾ. ದೀಕ್ಷೆಯಾಗಿಲ್ಲದವಳು ಧರ್ಮದ ಮಾತು ಹೇಳಬಹುದೇ ಎಂದು ಅವಳಿಗೆ ದಾರಿಯಲ್ಲಿ ಅನ್ನಿಸಿದ್ದುಂಟು. ಗುಮಾಸ್ತೆ ಕೇಳಿದ್ದು ಸಭೆಗೆ ಸೇರಿದ್ದೀಯಾ ಎಂದಲ್ಲ, ನಿನಗೆ ಅಡ್ಡಿಯಿದೆಯಾ ಎಂದು. ಹೌದು ಎಂದಳು, ಈ ಸಲ ಕೇಳಿಸುವ ಹಾಗೆ.

ಎಣಿಕೆ ಅಂದೇ ಮಧ್ಯಾಹ್ನ, ಬಂದವರೆಲ್ಲರ ಎದುರಿಗೆ. ಗಂಡಸರು ಹೊರಗೆ ಬಿಸಿಲಿಗೆ ನಿಂತರು, ಅಜ್ಜಿ ಬೆಂಚಿನಲ್ಲಿ ತೂಕಡಿಸಿದಳು. ಲವರ್ಡಾ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಕ್ರೇನ್‌ನ ಕಡೆಯವರು ಇಬ್ಬರು, ಪ್ರೂಯಿಟ್‌ಳ ಕಡೆಯವರು ಇಬ್ಬರು ಕಾಗದದ ಲೋಟ ಹಿಡಿದು ಒಬ್ಬರನ್ನೊಬ್ಬರು ನೋಡದೆ ನಿಂತಿದ್ದರು. ಮೂವರು ಅಧಿಕಾರಿಗಳು ಹೊರಲಕೋಟೆ ಬಿಡಿಸಿ, ಹೆಸರಿಲ್ಲದ ಕಾಗದಗಳನ್ನು ಬೆರೆಸಿ, ಒಂದೊಂದಾಗಿ ಓದಿದರು.

"ಪ್ರೂಯಿಟ್."

"ಪ್ರೂಯಿಟ್."

"ಪ್ರೂಯಿಟ್."

"ಕ್ರೇನ್."

ಲವರ್ಡಾಗೆ ತಪ್ಪು ಕೇಳಿಸಿತೆನಿಸಿತು. ಇನ್ನೊಂದು ಹಾಗೇ ಬಂದರೆ ಮುಗಿಯಿತು. ಐದನೆಯದು ಪ್ರೂಯಿಟ್. ಆರನೆಯದು, ಏಳನೆಯದು, ಎಂಟನೆಯದು. ಒಂಬತ್ತನೆಯ ಕಾಗದ ಮಡಿಕೆ ಬಿಡಲಿಲ್ಲ; ಅಧಿಕಾರಿ ಅಂಗೈಯಲ್ಲಿ ಉಜ್ಜಿ ಸಪಾಟು ಮಾಡಿ, ಕನ್ನಡಕ ಸರಿಮಾಡಿಕೊಂಡು ಓದಿದ.

"ಪ್ರೂಯಿಟ್."

ಒಂದು ವೋಟು. ಪ್ರೂಯಿಟ್ ಒಂದೇ ಒಂದು ವೋಟಿನಿಂದ ಗೆದ್ದಿದ್ದಳು. ಲವರ್ಡಾ ಅಜ್ಜಿಯನ್ನು ಅಲುಗಾಡಿಸಿ ಎಬ್ಬಿಸಿ, ಮೆಟ್ಟಿಲು ಎರಡೆರಡಾಗಿ ಇಳಿದು ಹೊರಗೆ ಬಂದಳು. ಫ್ರೀಮನ್ ಟೋಪಿ ತೆಗೆದು ತೊಡೆಗೆ ಬಡಿದ, ಅವನ ಹೆಂಡತಿ ಅಮ್ಮನ ಕೈ ಹಿಡಿದು ಬಿಡಲಿಲ್ಲ, ಜೀನ್ ಹಾರ್ನು ಒತ್ತಿದ. ವಾಪಸು ಬರುವಾಗ ವ್ಯಾನಿನೊಳಗೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಕ್ರೇನ್‌ಗೆ ಬಿದ್ದ ಆ ಒಂದು ಯಾರದು ಎಂದು ಯಾರೂ ಕೇಳಲಿಲ್ಲ. ಕೇಳುವ ರೂಢಿಯಿಲ್ಲ. ಲವರ್ಡಾ ಮಾತ್ರ ಮುಂದಿನ ಬೆನ್ನುಗಳನ್ನು ಒಂದೊಂದಾಗಿ ನೋಡುತ್ತ ಬಂದಳು.

ಓಣಿಯ ತುದಿಯಲ್ಲಿ ಇಳಿದು ನಾಲ್ವರೂ ಮನೆಯ ಕಡೆ ನಡೆದರು. ಅಮ್ಮ ಮುಂದೆ, ಅಜ್ಜಿ ಅವಳ ಹಿಂದೆ.

"ಆ ಒಂದು ನಂದು," ಅಂದರು ತಾತ.

ಲವರ್ಡಾ ನಿಂತುಬಿಟ್ಟಳು. "ಏನು ತಾತ?"

"ಕ್ರೇನ್‌ಗೆ ಹಾಕಿದ್ದು. ರಸ್ತೆ ಅಗಲ ಆದ್ರೆ ಲಾರಿ ನಿಧಾನ ಆಗತ್ತಾ? ಇನ್ನೂ ಜೋರು ಬರತ್ತೆ. ನನ್ನ ಕಾಲದಲ್ಲಿ ಎರಡು ಸಲ ಅಗಲ ಮಾಡಿದಾರೆ, ಎರಡು ಸಲಾನೂ ನೋಡಿದೀನಿ. ಕಿರಿದಾಗಿದ್ರೆ ಹೆದರ್ಕೊಂಡಾದ್ರೂ ಬರ್ತಾರೆ. ನಂಗೂ ಆ ಮಕ್ಕಳದ್ದೇ ಯೋಚ್ನೆ. ನಿಂದು ಸರಿಯೋ, ನಂದು ಸರಿಯೋ, ರಸ್ತೆ ಆದ್ಮೇಲೆ ನೋಡೋಣ. ನಂದು ತಪ್ಪಾದ್ರೆ ಒಳ್ಳೇದೇ."

ಅವಳಿಗೆ ಕೋಪ ಬರಬೇಕಾಗಿತ್ತು. ಬಂದದ್ದು ಇನ್ನೊಂದು ಪ್ರಶ್ನೆ. "ನೀವು ಹೋಗ್ದೆ ಇದ್ದಿದ್ರೆ ಯಾರೂ ಹೋಗ್ತಿರ್ಲಿಲ್ಲ. ಕ್ರೇನೇ ಗೆಲ್ತಿದ್ದ."

"ಗೊತ್ತಿತ್ತು."

"ಮತ್ಯಾಕೆ ಬಂದ್ರಿ?"

"ಅದಕ್ಕೇ ಬಂದೆ." ತಾತ ಎರಡು ಹೆಜ್ಜೆ ನಡೆದು ಮತ್ತೆ ನಿಂತರು. "ನಿಮ್ಮಜ್ಜಿ ಆ ಸೌದೆ ಮನೆ ಮಾತು ತೆಗೆದ್ಳಲ್ಲ, ಆಮೇಲೆ ಕೂತು ನೋಡ್ದೆ. ನಾನು ಹೋಗಲ್ಲ ಅಂತಿರೋದು ನನ್ನ ಮಾತು ಉಳೀಲಿ ಅಂತಾನಾ, ಇಲ್ಲ ಆ ಮನುಷ್ಯ ಗೆಲ್ಲಲಿ ಅಂತಾನಾ? ಮೊದ್ಲು ಮಾತಿಗೇ ಇತ್ತು. ಆರು ವೋಟು ಅಂತ ಡೆಲ್ಬರ್ಟ್ ಬಂದು ಹೇಳಿದ್ಮೇಲೆ ನಂಗೇ ಸರಿಯಾಗಿ ಗೊತ್ತಾಗ್ಲಿಲ್ಲ."

ಮುಂದಿನಿಂದ ಅಜ್ಜಿ ತಿರುಗಿ ನೋಡದೆಯೇ ಅಂದಳು: "ಎತ್ತು ಏರಿಗೆಳೀತು, ಕೋಣ ನೀರಿಗೆಳೀತು. ನಾನು ಆ ಹೆಂಗಸಿಗೆ ಹಾಕಿದ್ದು ಇವ್ರದ್ದನ್ನ ತಿಂದು ಹಾಕ್ತು. ಬೇಗ ನಡೀರಿ, ಒಲೆ ಆರಿರತ್ತೆ."

"ನಿಂಗೆ ಹೇಗೆ ಕೇಳಿಸ್ತು?" ಅಂದರು ತಾತ.

"ನಿಮ್ಮ ಗುಟ್ಟು ಮಾತು ಪಕ್ಕದ ಹೊಲಕ್ಕೂ ಕೇಳತ್ತೆ."

ರೋಸಾನಾ ಜಗಲಿಯ ಕಂಬ ಹಿಡಿದು ಒಂಟಿಕಾಲಲ್ಲಿ ನಿಂತಿದ್ದಳು. ಊರುಗೋಲು ಎಲ್ಲೋ ಬಿದ್ದಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಕೆನ್ನೆ ಚಳಿಗೆ ಕೆಂಪಾಗಿತ್ತು.

"ಗೆದ್ವಾ?"

ಅಮ್ಮ ಬಾಯಿ ತೆರೆದಳು. ಅಜ್ಜಿ ಅವಳ ತೋಳು ಹಿಡಿದಳು. ಲವರ್ಡಾ ತಾತನ ಮುಖ ನೋಡಿದಳು.

"ಹೌದು, ಕೂಸೇ," ಅಂದರು ತಾತ.

"ನಿಜವಾಗ್ಲೂ ತಾತ? ಗೆದ್ವಾ?"

ತಾತ ಮೆಟ್ಟಿಲು ಹತ್ತಿ, ಅವಳನ್ನು ಎತ್ತಿಕೊಂಡು, ಕಾಲಿನ ಪಟ್ಟಿ ಎಲ್ಲೂ ತಾಗದ ಹಾಗೆ ಬಾಗಿಲು ದಾಟಿದರು.

"ಹೌದು," ಅಂದರು.